ಐದು ವರ್ಷದಿಂದ ಯಾರೂ ಒಯ್ಯದ ಪುಸ್ತಕಗಳನ್ನು ಶಾಲಾ ಗ್ರಂಥಾಲಯದಿಂದ ತೆಗೆದುಹಾಕಬಹುದೇ?

ಎಂಟು ಬೀರು, ಎರಡು ಸಾವಿರ ಪುಸ್ತಕ, ಹೊಸದಾಗಿ ಹೆಗಲಿಗೆ ಬಿದ್ದ ಗ್ರಂಥಾಲಯದ ಚಾರ್ಜು. ಐದು ವರ್ಷದಿಂದ ಯಾರೂ ಒಯ್ಯದ್ದನ್ನೆಲ್ಲ ತೆಗೆದು ಹೊಸದಕ್ಕೆ ಜಾಗ ಮಾಡಲೇ ಅಂತ ಕೇಳಿದ್ದೀರಿ. 2011ರ ನಾನೇ ಕೇಳಿದಂತಿದೆ. ಆಗ ನನ್ನನ್ನು ಯಾರೂ ತಡೆಯಲಿಲ್ಲ, ಅದಕ್ಕೇ ಮೊದಲು ಹೇಳಿಬಿಡುತ್ತೇನೆ: ತೆಗೆಯಬೇಡಿ. ಈಗಲೇ ಬೇಡ, ಆ ಲೆಕ್ಕ ಹಿಡಿದಂತೂ ಬೇಡವೇ ಬೇಡ.

ಚಿತ್ರದುರ್ಗದ ಕಡೆಯ ಹಳ್ಳಿ ಹೈಸ್ಕೂಲು. ನಾನು ಕನ್ನಡ ಟೀಚರ್. ಗ್ರಂಥಪಾಲಕರ ಹುದ್ದೆ ಇರಲಿಲ್ಲವಾದ್ದರಿಂದ ಬೀಗದ ಕೈ ನನಗೆ ಬಂತು. ಬೇಸಿಗೆ ರಜೆ ಮುಗಿಯುವ ಮೊದಲೇ ಹೋಗಿ, ಧೂಳು ಹೊಡೆದು, ಒಂದೊಂದೇ ಪುಸ್ತಕದ ಕೊನೆ ಹಾಳೆ ತಿರುವಿದೆ. ಅಲ್ಲಿ ತಾರೀಖು ಬರೆಯುವ ಚೀಟಿ ಅಂಟಿಸಿರುತ್ತಾರಲ್ಲ, ಅದು ಖಾಲಿಯಿದ್ದರೆ ಎಡಕ್ಕೆ, ತುಂಬಿದ್ದರೆ ಬಲಕ್ಕೆ. ಎಡಗಡೆಯದು ಮೂರು ಗೋಣಿಚೀಲವಾಯಿತು. ಅದರಲ್ಲಿ ಒಂದು ಪುಸ್ತಕಕ್ಕೆ ರಟ್ಟೂ ಇರಲಿಲ್ಲ, ಮೊದಲ ನಾಲ್ಕು ಪುಟವೂ ಇರಲಿಲ್ಲ. ಕೊಡವಿದಾಗ ಒಳಗಿನಿಂದ ಕೆಂಪು ಟೇಪಿನ ತುಂಡು ಬಿತ್ತು. ಹುಡುಗಿಯರು ಜಡೆಗೆ ಕಟ್ಟಿಕೊಳ್ಳುವ ಟೇಪು, ಬೆರಳುದ್ದ. ಕಸ ಅಂತ ಗುಡಿಸಿದೆ. ಚೀಟಿ ನೋಡಿದೆ, ಖಾಲಿ. ಚೀಲಕ್ಕೆ ಹಾಕಿದೆ.

ಶಾಲೆ ಶುರುವಾದ ಎರಡನೇ ವಾರ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬಾಗಿಲ ಹತ್ತಿರ ನಿಂತಳು. "ಮಿಸ್, ಡಿಕ್ಷನರಿ ಹಿಂದ್ಗಡೆ ಒಂದು ಪುಸ್ತಕ ಇಟ್ಟಿದ್ದೆ, ಎಲ್ಲಿ ಹೋಯ್ತು? ದ್ವೀಪದಲ್ಲಿ ಸಿಕ್ಕಾಕ್ಕೊಂಡ ಅಣ್ಣ ತಂಗಿ ಕತೆ. ಅವರು ಊರಿಗೆ ಬಂದ್ರಾ ಇಲ್ವಾ, ಇನ್ನೂ ಓದಿರ್ಲಿಲ್ಲ." ಬೇರೆಯವರ ಕೈಗೆ ಸಿಗದಿರಲಿ ಅಂತ ಬಚ್ಚಿಟ್ಟು, ವಾರಕ್ಕೊಂದು ಗ್ರಂಥಾಲಯ ಪೀರಿಯಡ್ಡಿನಲ್ಲಿ ಐದಾರು ಪುಟದಂತೆ ಓದುತ್ತಿದ್ದಳಂತೆ. ಅವಳ ಒಂದು ಜಡೆಯ ಟೇಪು ಇನ್ನೊಂದಕ್ಕಿಂತ ಬೆರಳುದ್ದ ಗಿಡ್ಡವಿತ್ತು. ಅವತ್ತೇ ಸಂಜೆ ಗುಜರಿ ಅಂಗಡಿಗೆ ಓಡಿದೆ. ಚೀಲಗಳು ಆಗಲೇ ದಾವಣಗೆರೆಗೆ ಹೋಗಿಯಾಗಿತ್ತು.

ನನ್ನ ತಪ್ಪು ಎಲ್ಲಿತ್ತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಅದೇ ಚೀಟಿಯನ್ನು ನಂಬಲು ಹೊರಟಿದ್ದೀರಿ. ಪುಸ್ತಕ ಮನೆಗೆ ಹೋದರೆ ಮಾತ್ರ ಆ ಚೀಟಿ ತುಂಬುತ್ತದೆ. ನಮ್ಮಲ್ಲಿ ಮನೆಗೆ ಕೊಡುತ್ತಿದ್ದುದೇ ಅಪರೂಪ. ಕಳೆದರೆ ಚಾರ್ಜ್ ವಹಿಸಿಕೊಡುವಾಗ ಸಂಬಳದಲ್ಲಿ ಹಿಡಿಯುತ್ತಾರೆ ಅನ್ನುವ ಭಯ ನನಗಿಂತ ಹಿಂದಿನವರಿಗೆಲ್ಲ ಇತ್ತು. ಪೀರಿಯಡ್ಡಿನಲ್ಲಿ ಅಲ್ಲೇ ಕೂತು ಓದಿ ವಾಪಸ್ ಇಟ್ಟರೆ ಎಲ್ಲೂ ದಾಖಲಾಗುವುದಿಲ್ಲ. ಕೆಲವು ಸಲ ಕ್ಲಾಸ್ ಟೀಚರ್ ನಲವತ್ತು ಪುಸ್ತಕ ತಮ್ಮ ಹೆಸರಿನಲ್ಲಿ ಒಂದೇ ಸಾಲಿನಲ್ಲಿ ಬರೆಸಿ ಒಯ್ದು ಕ್ಲಾಸಿನಲ್ಲಿ ಹಂಚುತ್ತಿದ್ದರು. ನಲವತ್ತೂ ಮಕ್ಕಳು ಓದಿದರೂ ಚೀಟಿ ನಲವತ್ತೂ ಖಾಲಿ. ಅಂದರೆ ನಾನು ಎಣಿಸಿದ್ದು ಬೀಗ ಎಷ್ಟು ಸಲ ತೆರೆಯಿತು ಅನ್ನುವುದನ್ನು, ಮಕ್ಕಳ ಓದನ್ನು ಎಣಿಸಿದೆ ಅಂದುಕೊಂಡಿದ್ದೆ. ಟೇಪಿನ ತುಂಡು ಕೈಯಲ್ಲೇ ಇತ್ತು, ನಾನು ಚೀಟಿಯನ್ನು ನಂಬಿದೆ.

ಬಲಗಡೆ ಏನು ಉಳಿಯಿತು ಅಂತಲೂ ಕೇಳಿ. ಒಂಬತ್ತು ಗ್ರಹ ಅಂತ ಪಾಠ ಹೇಳುವ ವಿಜ್ಞಾನದ ಪುಸ್ತಕ ಉಳಿಯಿತು, ಪ್ಲೂಟೊ 2006ರಲ್ಲೇ ಕುಬ್ಜ ಗ್ರಹವಾಗಿದ್ದರೂ. ಯಾದಗಿರಿ ಜಿಲ್ಲೆ ಇಲ್ಲದ ಕರ್ನಾಟಕದ ಭೂಪಟ ಉಳಿಯಿತು. ಅವುಗಳ ಚೀಟಿ ತುಂಬಿತ್ತಲ್ಲ!

ಹಾಗಾಗಿ ಐದು ವರ್ಷವೋ ಹತ್ತು ವರ್ಷವೋ ಅನ್ನುವ ಪ್ರಶ್ನೆಯನ್ನೇ ಬಿಡಿ. ಬೀರು ತೆರೆದಿಡಿ. 1931ರಲ್ಲಿ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಕೊಟ್ಟ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಅಂತ. ಹೆಡ್‌ಮಾಸ್ಟರು ಹೆದರಿದರೆ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮ ತೋರಿಸಿ. ಮೋಸ, ನಿರ್ಲಕ್ಷ್ಯ ಇಲ್ಲದಿದ್ದರೆ ವರ್ಷದಲ್ಲಿ ಓದಲು ಕೊಟ್ಟ ಸಾವಿರಕ್ಕೆ ಐದು ಪುಸ್ತಕ ಕಳೆಯುವುದು ಸಹಜ ಅಂತ ಅದು ಒಪ್ಪುತ್ತದೆ. ರಾಜ್ಯದ ಶಾಲೆಗೆ ಅದು ನೇರವಾಗಿ ಅನ್ವಯಿಸದು, ಆದರೂ ಮಾತಿಗೆ ಬಲ ಬರುತ್ತದೆ. ಮಕ್ಕಳಿಗೆ ಓದಿದ ಪುಸ್ತಕ ವಾಪಸ್ ಜೋಡಿಸಬೇಡಿ, ಮೇಜಿನ ಮೇಲೇ ಬಿಡಿ ಅನ್ನಿ. ಸಂಜೆ ಎತ್ತಿಡುವಾಗ ಒಂದೊಂದರ ಚೀಟಿಗೂ ಪೆನ್ಸಿಲಿನಲ್ಲಿ ಚುಕ್ಕೆ ಇಡಿ. ನಾನು ಮರುವರ್ಷ ಇದನ್ನು ಮಾಡಿದಾಗ ತಾರೀಖೇ ಇಲ್ಲದ ಎಷ್ಟೋ ಚೀಟಿಗಳು ಚುಕ್ಕೆಯಿಂದ ತುಂಬಿದವು. ಬಹಳ ಹರಿದಿದ್ದವಕ್ಕೇ ಬಹಳ ಚುಕ್ಕೆ. ಹರಿದದ್ದನ್ನು ಅಂಟಿಸಿ, ಆಗದಿದ್ದರೆ ಅದೇ ಪುಸ್ತಕದ ಹೊಸ ಪ್ರತಿ ಕೊಳ್ಳಿ.

ಕೊಳ್ಳುವ ವಿಚಾರದಲ್ಲಿ ನನ್ನದು ಹಟ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಗ್ರಂಥಾಲಯ ಅನುದಾನ ಶಾಲೆಯ ಮಟ್ಟ ನೋಡಿಕೊಂಡು 5,000ದಿಂದ 20,000 ರೂಪಾಯಿ. ನೂರು ರೂಪಾಯಿಯ ಪುಸ್ತಕವಾದರೆ ಐವತ್ತರಿಂದ ಇನ್ನೂರು, ಅಷ್ಟೇ. ಅದರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡು ಒಂದೂ ಬೇಡ. ಎರಡು ವರ್ಷಕ್ಕೆ ಹಳಸುತ್ತದೆ. ಪಟ್ಟಿ ಮಾಡುವಾಗ ನಾಲ್ಕು ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿ, ಅದರಲ್ಲಿ ಓದಲು ತಡವರಿಸುವ ಮಗುವೊಂದು ಇರಲೇಬೇಕು.

ಗೆದ್ದಲು ಹಿಡಿದದ್ದು, ಮಾಹಿತಿ ಸುಳ್ಳಾದದ್ದು, ವಿಜಯನಗರ ಜಿಲ್ಲೆ ಇಲ್ಲದ ಭೂಪಟ, ಇವಕ್ಕೆ ಚೀಟಿ ನೋಡುವುದೇ ಬೇಡ, ಈ ವರ್ಷವೇ ತೆಗೆಯಿರಿ. ಬೇರೆ ಶಾಲೆಗೆ ದಾನ ಮಾತ್ರ ಮಾಡಬೇಡಿ, ಅಲ್ಲಿಯೂ ಮಕ್ಕಳೇ ಇರುವುದು. ಶಾಲೆಯ ಹಳೇ ಸ್ಮರಣ ಸಂಚಿಕೆ, ಮಕ್ಕಳ ಕೈಬರಹದ ಪತ್ರಿಕೆ ಎಷ್ಟೇ ಜೀರ್ಣವಾಗಿರಲಿ ಮುಟ್ಟಬೇಡಿ, ಎರಡನೇ ಪ್ರತಿ ಎಲ್ಲೂ ಸಿಗುವುದಿಲ್ಲ. ಉಳಿದವಕ್ಕೆ ಜೂನ್‌ನಿಂದ ಮಾರ್ಚ್‌ವರೆಗೆ ಚುಕ್ಕೆ ನೋಡಿ. ಆಮೇಲೆ ಇಬ್ಬರು ಶಿಕ್ಷಕರು, ಒಬ್ಬ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಕೂತು ನಂಬರ್ ಸಮೇತ ಪಟ್ಟಿ ಮಾಡಿ, ಮೇಲಧಿಕಾರಿಗಳ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತಿಸಿ. ಚೀಲಕ್ಕೆ ತುಂಬುವ ಮೊದಲು ಆ ಪುಸ್ತಕಗಳನ್ನು ಒಂದು ವಾರ ವರಾಂಡದ ಬೆಂಚಿನ ಮೇಲೆ ಹರಡಿಡಿ. ಮಕ್ಕಳು ಯಾವುದನ್ನಾದರೂ ಎತ್ತಿಕೊಂಡು ಬಂದು ಇದು ಬೇಕು ಅಂದರೆ, ಅದನ್ನು ಪಟ್ಟಿಯಿಂದ ಹೊಡೆದುಹಾಕಿ ವಾಪಸ್ ಬೀರುವಿನಲ್ಲಿಡಿ.