ಸಂಪಾದಕರ ಉತ್ತರ: ಐರೀನ್ ಡಾಲಿಸ್ ಸುಮ್ನೆ ಊರಿಗೆ ಬರಲಿಲ್ಲ

ಶಿವಮೊಗ್ಗದಿಂದ ಬರೆದ ಮೇಡಂ ಅವರಿಗೆ ನಮಸ್ಕಾರ.

ರೂಲ್ ಹಾಳೆಯಲ್ಲಿ ಎರಡೂ ಕಡೆ ಬರೆದ ನಿಮ್ಮ ನಾಲ್ಕು ಪುಟದ ಪತ್ರ ಬಂದು ಹದಿನೈದು ದಿನವಾಯಿತು. ನಮ್ಮ ಆಫೀಸಿನಲ್ಲಿ ಅದು ಕೈಯಿಂದ ಕೈಗೆ ಓಡಾಡಿತು. ಮೂವತ್ತು ವರ್ಷ ಮಕ್ಕಳಿಗೆ ಸಂಗೀತ ಹೇಳಿಕೊಟ್ಟವರು ನೀವು. ಆ ಮೇಷ್ಟ್ರ ಕೋಲು ಪತ್ರದಲ್ಲೂ ಚೆನ್ನಾಗಿ ಬೀಸಿದ್ದೀರಿ. ಅದಕ್ಕೇ ನಾಲ್ಕು ಸಾಲಿನಲ್ಲಿ ಮುಗಿಸದೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಪತ್ರ ನೋಡದ ಓದುಗರಿಗೆ ಎರಡು ಮಾತು. ಹೋದ ಸಂಚಿಕೆಯಲ್ಲಿ ಐರೀನ್ ಡಾಲಿಸ್ ಎಂಬ ಅಮೆರಿಕದ ಒಪೆರಾ (ಪಶ್ಚಿಮದ ಸಂಗೀತ ನಾಟಕ) ಗಾಯಕಿಯ ಬಗ್ಗೆ ಅರ್ಧ ಪುಟದ ಟಿಪ್ಪಣಿ ಹಾಕಿದ್ದೆವು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ (ಎಲ್ಲರೂ 'ಮೆಟ್' ಅನ್ನುತ್ತಾರೆ) ಇಪ್ಪತ್ತು ಸೀಸನ್ ಹಾಡಿದವರು. ಆಮೇಲೆ ಕ್ಯಾಲಿಫೋರ್ನಿಯಾದ ತಮ್ಮ ಊರು ಸ್ಯಾನ್ ಹೊಸೆಗೆ ವಾಪಸ್ ಬಂದು 1984ರಲ್ಲಿ 'ಒಪೆರಾ ಸ್ಯಾನ್ ಹೊಸೆ' ಕಂಪನಿ ಕಟ್ಟಿದರು, ಅಲ್ಲಿನ ಎಳೆಯ ಗಾಯಕರಿಗೆ ಸಂಬಳ, ಇರೋಕೆ ಮನೆ ಕೊಟ್ಟರು. ಮೇಡಂ ಅವರ ತಕರಾರು ಮೂರು. ದೊಡ್ಡ ರಂಗದಲ್ಲಿ ಹಾಡೋಕೆ ಆಗದೇ ಹೋದಾಗ ಊರಿಗೆ ಬಂದು ಪಾಠ ಶುರು ಮಾಡುವವರು ನಮ್ಮ ಓಣಿ ಓಣಿಯಲ್ಲೂ ಇದ್ದಾರೆ, ಈಯಮ್ಮನಿಗೆ ಮಾತ್ರ ಯಾಕಿಷ್ಟು ಹೊಗಳಿಕೆ? ಇದು ಒಂದು. ಕಲಾವಿದರಿಗೆ ತಿಂಗಳ ಸಂಬಳ, ಬಿಟ್ಟಿ ಮನೆ ಕೊಟ್ಟರೆ ಸೋಮಾರಿಗಳಾಗುತ್ತಾರೆ ಅನ್ನುವುದು ಎರಡನೆಯದು. ಮೂರನೆಯದು ನಮ್ಮ ತಪ್ಪು: "ಆ ಥಿಯೇಟರ್ ಅವರೇ ಕಟ್ಟಿಸಿದ್ದು ಅಂತ ಬರೆದಿದ್ದೀರಿ. ಅಲ್ಲೇ ಇರುವ ನನ್ನ ಮಗಳು ಅದು ಹಳೇ ಟಾಕೀಸು ಅಂತಾಳೆ."

ಮಗಳು ಹೇಳಿದ್ದೇ ಸರಿ. ಕ್ಯಾಲಿಫೋರ್ನಿಯಾ ಥಿಯೇಟರ್ 1927ರಲ್ಲಿ ಸಿನಿಮಾಕ್ಕಾಗಿ ಎದ್ದ ಕಟ್ಟಡ. 1973ರಲ್ಲಿ ಬಾಗಿಲು ಹಾಕಿತು. ಮೂವತ್ತು ವರ್ಷ ಪಾಳು ಬಿದ್ದಿತ್ತು. ಆಮೇಲೆ ನಗರದ ಹಣ ಮತ್ತು ಪ್ಯಾಕಾರ್ಡ್ ಹ್ಯುಮ್ಯಾನಿಟೀಸ್ ಇನ್‌ಸ್ಟಿಟ್ಯೂಟ್‌ನ ಹಣ ಸೇರಿ ರಿಪೇರಿಯಾಯಿತು. 2004ರಲ್ಲಿ ಡಾಲಿಸ್ ಅವರ ಕಂಪನಿ ಅಲ್ಲಿಗೆ ಬಂತು. ಅಲ್ಲಿಯವರೆಗೆ ಅವರದೆಲ್ಲ ಸುಮಾರು 500 ಸೀಟಿನ ಮಾಂಟ್ಗೊಮೆರಿ ಥಿಯೇಟರಿನಲ್ಲೇ. ಟಿಪ್ಪಣಿ ಬರೆದವನು ನಾನೇ. ಇನ್ನೊಬ್ಬರ ಮೇಲೆ ಹಾಕೋಕೆ ಆಗಲ್ಲ.

ಇನ್ನು ಮೊದಲ ತಕರಾರಿಗೆ ಬರೋಣ.

ಐವತ್ತೊಂದು ವರ್ಷಕ್ಕೆ ಅವರು ರಂಗ ಬಿಟ್ಟರು, 1977ರಲ್ಲಿ. ಕಂಠ ಆಗ ಎಷ್ಟು ಉಳಿದಿತ್ತು ಅಂತ ನೀವೂ ನಾನೂ ಜಗಳ ಆಡುವುದು ಬೇಡ. ಆದರೆ 'ಬೇರೆ ಗತಿಯಿಲ್ಲದೆ ಮೇಷ್ಟ್ರಾದರು' ಅನ್ನುವುದು ನಿಜವಲ್ಲ. ಅವರು ಮೊದಲು ಕಲಿತದ್ದೇ ಮೇಷ್ಟ್ರಿಕೆ! ಸ್ಯಾನ್ ಹೊಸೆಯ ಕಾಲೇಜಿನಲ್ಲಿ ಸಂಗೀತ ಶಿಕ್ಷಣದ ಡಿಗ್ರಿ. ಆಮೇಲೆ ನ್ಯೂಯಾರ್ಕಿನ ಕೊಲಂಬಿಯಾದ ಟೀಚರ್ಸ್ ಕಾಲೇಜಿನಲ್ಲಿ ಮಾಸ್ಟರ್ಸ್. ಊರಿಗೆ ಬಂದು ಸ್ಕೂಲ್ ಮೇಡಂ ಆಗಬೇಕಾಗಿದ್ದವರು. 1951ರಲ್ಲಿ ಫುಲ್‌ಬ್ರೈಟ್ ಸ್ಕಾಲರ್‌ಶಿಪ್ ಸಿಕ್ಕಿ ಇಟಲಿಗೆ ಹೋದದ್ದರಿಂದ ದಾರಿ ತಪ್ಪಿತು ಅನ್ನಿ. ಇಪ್ಪತ್ತಾರು ವರ್ಷ ಆದಮೇಲೆ ತಾವು ಓದಿದ ಕಾಲೇಜಿಗೇ ಪ್ರೊಫೆಸರ್ ಆಗಿ ಬಂದರು. ಅದು ಅಷ್ಟರಲ್ಲಿ ಯೂನಿವರ್ಸಿಟಿ ಆಗಿತ್ತು.

ಇಟಲಿಯ ನಂತರ ಏನಾಯಿತು ಅನ್ನುವುದರಲ್ಲೇ ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇದೆ.

1953ರಲ್ಲಿ ಅವರಿಗೆ ಕೆಲಸ ಸಿಕ್ಕಿದ್ದು ಜರ್ಮನಿಯ ಓಲ್ಡೆನ್‌ಬುರ್ಗ್ ಎಂಬ ಊರಿನಲ್ಲಿ. ಬರ್ಲಿನ್ನೂ ಅಲ್ಲ, ಮ್ಯೂನಿಕ್ಕೂ ಅಲ್ಲ. ನಮ್ಮ ಲೆಕ್ಕದಲ್ಲಿ ಒಂದು ಜಿಲ್ಲಾ ಕೇಂದ್ರ ಅಂದುಕೊಳ್ಳಿ. ಆದರೆ ಅಂಥ ಊರಿಗೂ ತನ್ನದೇ ಒಪೆರಾ ಇದೆ, ತನ್ನದೇ ಆರ್ಕೆಸ್ಟ್ರಾ ಇದೆ. ಅದು ನಡೆಯುವುದು ಸರ್ಕಾರದ ದುಡ್ಡಿನಿಂದ. ಗಾಯಕರನ್ನು ಒಂದು ಕಾರ್ಯಕ್ರಮಕ್ಕೆ ಇಷ್ಟು ಅಂತ ಕರೆಸುವುದಿಲ್ಲ, ವರ್ಷದ ಲೆಕ್ಕದಲ್ಲಿ ಗೊತ್ತು ಮಾಡಿಕೊಳ್ಳುತ್ತಾರೆ. ತಿಂಗಳಿಗೆ ಸಂಬಳ. ಈ ವಾರ ರಾಣಿ, ಮುಂದಿನ ವಾರ ದಾಸಿ, ಆಮೇಲೆ ಮಾಟಗಾತಿ. ಏನು ಕೊಟ್ಟರೂ ಹಾಡಬೇಕು. ಮೊದಲ ಸಲ ರಂಗಕ್ಕೆ ಇಳಿದ ಈ ಅಮೆರಿಕದ ಹುಡುಗಿಗೆ ಅಲ್ಲಿ ಸಿಕ್ಕಿದ್ದು ಇಟಲಿಯ ಸಂಗೀತಗಾರ ವೆರ್ದಿಯ ಒಪೆರಾ 'ದಾನ್ ಕಾರ್ಲೊ'ದ ರಾಜಕುಮಾರಿ ಎಬೋಲಿ. ಸಣ್ಣ ಪಾತ್ರವಲ್ಲ, ಅನುಭವಸ್ಥರೂ ಹೆದರುವಂಥದ್ದು. ಅಮೆರಿಕದಲ್ಲಿ ಆ ವಯಸ್ಸಿನವರಿಗೆ ಇಂಥ ಪಾತ್ರ ಯಾರು ಕೊಡುತ್ತಿದ್ದರು? ಕೊಡುವಂಥ ಕಂಪನಿಗಳೇ ಹೆಚ್ಚು ಇರಲಿಲ್ಲ. ಅದಕ್ಕೇ ಆ ಕಾಲದ ಅಮೆರಿಕದ ಗಾಯಕರು ಸಾಲುಸಾಲಾಗಿ ಜರ್ಮನಿಗೆ ಹೋಗುತ್ತಿದ್ದರು.

ನಾಲ್ಕೇ ವರ್ಷಕ್ಕೆ, 1957ರಲ್ಲಿ, ಅದೇ ಎಬೋಲಿ ಹಿಡಿದುಕೊಂಡು ಮೆಟ್‌ಗೆ ಬಂದರು. ನಡುವೆ ಬರ್ಲಿನ್. ಓಲ್ಡೆನ್‌ಬುರ್ಗ್ ಇಲ್ಲದಿದ್ದರೆ ಬರ್ಲಿನ್ನೂ ಇಲ್ಲ, ಮೆಟ್ಟೂ ಇಲ್ಲ. ನಾನು ಹೋದ ಸಂಚಿಕೆಯಲ್ಲಿ ಹೇಳಬೇಕಾಗಿದ್ದು ಇಷ್ಟೇ, ಮೆಟ್ ಮೆಟ್ ಅಂತ ಕುಣಿದು ಹೇಳದೇ ಬಿಟ್ಟೆ. ಅವರು ಊರಿಗೆ ತಂದದ್ದು ನ್ಯೂಯಾರ್ಕಿನ ಹೆಸರನ್ನಲ್ಲ, ಓಲ್ಡೆನ್‌ಬುರ್ಗಿನ ಪದ್ಧತಿಯನ್ನು. ತಮಗೆ ಇಪ್ಪತ್ತೆಂಟರ ಆಸುಪಾಸಿನಲ್ಲಿ ಏನು ಸಿಕ್ಕಿತ್ತೋ ಅದನ್ನೇ ಬೇರೆ ಮಕ್ಕಳಿಗೆ ಕೊಡೋಣ ಅಂತ ಹೊರಟರು. ವರ್ಷದ ಸಂಬಳ, ದೊಡ್ಡ ಪಾತ್ರ, ಮತ್ತೆ ಮತ್ತೆ ಅದನ್ನು ಹಾಡೋಕೆ ರಾತ್ರಿಗಳು.

ಒಂದೇ ತೊಂದರೆ, ಅಮೆರಿಕದಲ್ಲಿ ಆ ಜರ್ಮನ್ ಸರ್ಕಾರ ಇಲ್ಲ. ಟಿಕೆಟ್ ಹಣ ಒಪೆರಾದ ಖರ್ಚಿಗೆ ಯಾವ ಊರಿನಲ್ಲೂ ಸಾಲುವುದಿಲ್ಲ. ರಂಗದ ಮುಂದಿನ ಗುಂಡಿಯಲ್ಲಿ ಕೂತ ವಾದ್ಯದವರು, ಕೋರಸ್ಸಿನವರು, ಬಟ್ಟೆ, ಸೀನು, ಲೈಟು, ಮೇಲೆ ಒಬ್ಬ ಕಂಡಕ್ಟರ್ (ಬಸ್ಸಿನವನಲ್ಲ, ಕೋಲು ಹಿಡಿದವನು). ಎಲ್ಲರಿಗೂ ಕೊಡಬೇಕು. ಉಳಿದ ದುಡ್ಡು ದಾನಿಗಳಿಂದಲೇ ಬರಬೇಕು. 'ಐದಾ' ಒಪೆರಾದ ರಾಜಕುಮಾರಿ ಆಮ್ನೇರಿಸ್ ಅಂತ ಹಾಡಿಕೊಂಡಿದ್ದವರು ಊರಿನ ಸಾಹುಕಾರರ ಎದುರು ಕೂತು ಚೆಕ್ ಕೇಳಬೇಕಾಯಿತು.

ಇಲ್ಲಿ ಬಿಟ್ಟಿ ಮನೆಯ ವಿಷಯ. ನೀವು ಅದನ್ನು ಐಷಾರಾಮ ಅಂದುಕೊಂಡಿರಿ. ನಿಮ್ಮ ಮಗಳನ್ನೇ ಕೇಳಿ, ಆ ಊರಿನಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಎಷ್ಟು ಅಂತ! 1925ರಲ್ಲಿ ಡಾಲಿಸ್ ಹುಟ್ಟಿದಾಗ ಸ್ಯಾನ್ ಹೊಸೆ ಸುತ್ತ ಇದ್ದದ್ದು ಏಪ್ರಿಕಾಟ್, ಪ್ಲಮ್ ತೋಟ. ಅವರು ವಾಪಸ್ ಬಂದ 1977ರಲ್ಲಿ ಪಕ್ಕದ ಕ್ಯೂಪರ್ಟಿನೊದಲ್ಲಿ ಆ್ಯಪಲ್ ಕಂಪನಿ ರಿಜಿಸ್ಟರ್ ಆಯಿತು. ಅಂದರೆ ತೋಟದ ಊರು ಸಿಲಿಕಾನ್ ವ್ಯಾಲಿ ಆಗುತ್ತಿದ್ದ ಹೊತ್ತಿಗೆ ಸರಿಯಾಗಿ ಬಂದರು. ಅಲ್ಲಿ ಸಾಫ್ಟ್‌ವೇರ್‌ನವರೇ ಬಾಡಿಗೆಗೆ ಬಾಯಿ ಬಿಡುತ್ತಾರೆ, ಇನ್ನು ಹಾಡುವವರ ಪಾಡೇನು? ಸಂಬಳ ಕೊಟ್ಟರೂ ಅದೆಲ್ಲ ಮನೆ ಮಾಲೀಕರ ಜೇಬಿಗೆ. ಹಾಗಾಗಿ ಕಂಪನಿಯೇ ಅಪಾರ್ಟ್‌ಮೆಂಟ್ ಕಟ್ಟಡ ಕೊಂಡಿತು, ಗಾಯಕರನ್ನು ಬಾಡಿಗೆಯಿಲ್ಲದೆ ಅಲ್ಲಿ ಇಟ್ಟಿತು. ನನ್ನ ಪ್ರಕಾರ ಅವರು ಮಾಡಿದ ಅತಿ ಜಾಣ ಕೆಲಸ ಇದೇ. ಚೆಕ್ ಖರ್ಚಾಗಿ ಹೋಗುತ್ತದೆ, ಕಟ್ಟಡ ಹೋಗುವುದಿಲ್ಲ.

ನಮ್ಮ ನಾಟಕ ಕಂಪನಿಗಳು ಕ್ಯಾಂಪ್ ಹಾಕಿದಾಗ ನಟರಿಗೆ ಊಟ, ವಸತಿ ಎಲ್ಲ ಕಂಪನಿಯದೇ ಇರುತ್ತಿತ್ತಲ್ವಾ? ಅವರನ್ನು ಸೋಮಾರಿಗಳು ಅಂತ ಯಾರಾದರೂ ಅಂದಿದ್ದಾರಾ? ರಾತ್ರಿಯಿಡೀ ಆಡಿ, ಹಗಲು ಹೊಸ ನಾಟಕದ ತಾಲೀಮು. ಅದೇ ಥರ ಅಂದುಕೊಳ್ಳಿ. ಬಾಡಿಗೆ ಚಿಂತೆ ಇಲ್ಲದವನಿಗೆ ಹೋಟೆಲಿನಲ್ಲಿ ಪ್ಲೇಟ್ ಎತ್ತುವ ಕೆಲಸಕ್ಕೆ ಹೋಗಬೇಕಾಗಿಲ್ಲ, ಆ ಹೊತ್ತು ತಾಲೀಮಿಗೆ ಉಳಿಯುತ್ತದೆ. ಮೈಕ್ ಇಲ್ಲದೆ, ಆರ್ಕೆಸ್ಟ್ರಾದ ಮೇಲೆ ದನಿ ತೇಲಿಸಿ, ಮೂರು ಗಂಟೆ ಹಾಡಬೇಕು. ದಿನವಿಡೀ ನಿಂತು ದುಡಿದು ಬಂದವರ ಕೈಲಿ ಆಗುವ ಕೆಲಸವಲ್ಲ ಅಂತ ನಿಮಗೆ ನಾನು ಹೇಳಬೇಕಾ?

ಒಂದು ಸಣ್ಣ ಘಟನೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಮ್ಮ ಅಕ್ಕನ ಮನೆಗೆ ಹೋದವನು ಆ ಥಿಯೇಟರಿನ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಮುದುಕಪ್ಪ, ಅವರ ಹೆಂಡತಿ. ಒಬ್ಬ ಹುಡುಗ ರಂಗಕ್ಕೆ ಬಂದ ತಕ್ಷಣ ಆಯಮ್ಮ ಗಂಡನ ಮೊಣಕೈ ತಿವಿದು, "ನೋಡಿ, ಹೋದ ಸಲ ಮುದುಕ ಆಗಿದ್ದನಲ್ಲ, ಅವನೇ" ಅಂದರು. ಮುದುಕಪ್ಪ ಕನ್ನಡಕ ಸರಿ ಮಾಡಿಕೊಂಡು, "ದನಿ ದಪ್ಪ ಆಗಿದೆ, ಒಳ್ಳೇದು" ಅಂದರು. ನಾನು ಹಾಡು ಬಿಟ್ಟು ಸ್ವಲ್ಪ ಹೊತ್ತು ಇವರನ್ನೇ ನೋಡಿದೆ. ಹೊರಗಿನಿಂದ ಸ್ಟಾರ್ ಕರೆಸಿ ಒಂದು ರಾತ್ರಿ ಹಾಡಿಸಿ ಏರ್‌ಪೋರ್ಟಿಗೆ ಬಿಡುವ ಕಡೆ ಈ ಮಾತು ಹುಟ್ಟುವುದಿಲ್ಲ. ಆ ಹುಡುಗನ ದನಿ ಬೆಳೆಯುವುದನ್ನು ಅವರು ಮನೆ ಮೊಮ್ಮಗನನ್ನು ನೋಡಿದ ಹಾಗೆ ನೋಡುತ್ತಿದ್ದರು.

ಎಲ್ಲವೂ ಚೆನ್ನ ಅಂತ ನಾನೂ ಹೇಳುತ್ತಿಲ್ಲ. ಎಳೆ ಕಂಠಕ್ಕೆ ದೊಡ್ಡ ಪಾತ್ರ ಕೊಟ್ಟರೆ ಕೆಲವರದು ಪಕ್ವ ಆಗುತ್ತದೆ, ಕೆಲವರದು ಒಡೆಯುತ್ತದೆ. ಟಿಕೆಟ್ ಕೊಟ್ಟು ಬಂದವರು ಒಮ್ಮೊಮ್ಮೆ ಕಾಯಿ ಹಣ್ಣನ್ನೇ ತಿಂದು ಹೋಗಬೇಕು. ಮೂವತ್ತು ವರ್ಷ ಒಬ್ಬರೇ ಯಜಮಾನಿಕೆ ನಡೆಸಿದ ಕಡೆ ಅವರ ರುಚಿಯೇ ಕಂಪನಿಯ ರುಚಿ ಆಗಿಬಿಡುವ ಅಪಾಯವೂ ಇದೆ. ಆದರೆ ಅಕ್ಕಪಕ್ಕ ನೋಡಿ. ಅದೇ ಊರಿನ ಸಿಂಫನಿ 2002ರಲ್ಲಿ ದಿವಾಳಿಯಾಯಿತು. ರೆಪರ್ಟರಿ ನಾಟಕ ಸಂಸ್ಥೆ 2014ರಲ್ಲಿ ಮುಚ್ಚಿತು, ಬ್ಯಾಲೆ 2016ರಲ್ಲಿ. ಜಗತ್ತಿನ ಅತಿ ಶ್ರೀಮಂತ ಕಂಪನಿಗಳು ಸುತ್ತ ಇರುವ ಊರಿನಲ್ಲಿ! ಇದೊಂದು ಮಾತ್ರ ಉಳಿಯಿತು.

ಗಾಯಕಿಯರು ಯಜಮಾನಿಕೆ ವಹಿಸಿದ್ದು ಇದೊಂದೇ ಕಡೆ ಅಲ್ಲ. ಬೆವರ್ಲಿ ಸಿಲ್ಸ್ ನ್ಯೂಯಾರ್ಕ್ ಸಿಟಿ ಒಪೆರಾವನ್ನು 1979ರಿಂದ ಹತ್ತು ವರ್ಷ ನಡೆಸಿದರು. ಶಿಕಾಗೊದ ಲಿರಿಕ್ ಒಪೆರಾದಲ್ಲಿ ಟೈಪಿಸ್ಟ್ ಆಗಿ ಸೇರಿ ಸಣ್ಣಪುಟ್ಟ ಪಾತ್ರ ಹಾಡುತ್ತಿದ್ದ ಆರ್ಡಿಸ್ ಕ್ರೈನಿಕ್ 1981ರಲ್ಲಿ ಅಲ್ಲಿಗೇ ಮುಖ್ಯಸ್ಥೆಯಾದರು. ಆದರೆ ಅವರಿಬ್ಬರಿಗೂ ಆಗಲೇ ನಡೆಯುತ್ತಿದ್ದ ಕಂಪನಿ ಸಿಕ್ಕಿತು. ಡಾಲಿಸ್‌ಗೆ ಸಿಕ್ಕಿದ್ದು ಯೂನಿವರ್ಸಿಟಿಯ ಒಂದು ಕ್ಲಾಸು. ಆ ಕ್ಲಾಸೇ ಬೆಳೆದು ಕಂಪನಿಯಾಯಿತು.

ನೀವು ಪತ್ರದ ಕೊನೆಗೆ ಕೆಣಕಿದ್ದೀರಿ: "ಅಷ್ಟು ದೊಡ್ಡ ಗಾಯಕಿ ಆಗಿದ್ದರೆ ನಾವು ಯಾಕೆ ಹೆಸರು ಕೇಳಿಲ್ಲ?" ಒಳ್ಳೆ ಪ್ರಶ್ನೆ. ಡಾಲಿಸ್ ಮೆಜೊ ಸೊಪ್ರಾನೊ. ಅಂದರೆ ಹೆಣ್ಣು ದನಿಯಲ್ಲಿ ಸ್ವಲ್ಪ ಕೆಳಗಿನದು, ಗಾಢವಾದದ್ದು. ಒಪೆರಾದಲ್ಲಿ ನಾಯಕಿಯ ಪಾತ್ರ ಹೆಚ್ಚಾಗಿ ಮೇಲಿನ ದನಿಯವರಿಗೆ, ಅಂದರೆ ಸೊಪ್ರಾನೊಗಳಿಗೆ. ಮೆಜೊಗಳಿಗೆ ಸಿಗುವುದು ಹೊಟ್ಟೆಕಿಚ್ಚಿನ ರಾಜಕುಮಾರಿ, ಮಾಟಗಾತಿ, ಮುದಿ ತಾಯಿ. 1961ರ ಜನವರಿ 27ರಂದು ಮೆಟ್‌ನಲ್ಲಿ ವೆರ್ದಿಯ 'ಇಲ್ ತ್ರೊವಾತೊರೆ'. ಲಿಯೊಂಟೀನ್ ಪ್ರೈಸ್, ಫ್ರಾಂಕೊ ಕೊರೆಲ್ಲಿ ಇಬ್ಬರೂ ಮೆಟ್‌ನಲ್ಲಿ ಹಾಡಿದ ಮೊದಲ ರಾತ್ರಿ ಅದು. ಮುಗಿದ ಮೇಲೆ 42 ನಿಮಿಷ ಚಪ್ಪಾಳೆ ಬಿತ್ತು ಅಂತ ಇವತ್ತಿಗೂ ಹೇಳುತ್ತಾರೆ. ಆ ಕಥೆ ಹೇಳುವಾಗ ಜನ ಆ ಎರಡು ಹೆಸರು ಹೇಳಿ ನಿಲ್ಲಿಸುತ್ತಾರೆ. ಆ ರಾತ್ರಿ ಅಜುಚೇನಾ ಆಗಿದ್ದವರು, ಸೇಡಿನ ಭರದಲ್ಲಿ ಶತ್ರುವಿನ ಮಗು ಅಂದುಕೊಂಡು ತನ್ನ ಕೂಸನ್ನೇ ಬೆಂಕಿಗೆ ಹಾಕಿದ ತಾಯಿ, ಐರೀನ್ ಡಾಲಿಸ್.

ಅದೇ ವರ್ಷ ಜರ್ಮನಿಯ ಬೈರಾಯ್ಟ್‌ನಲ್ಲಿ, ಸಂಗೀತಗಾರ ವಾಗ್ನರ್‌ನ ಒಪೆರಾಗಳ ಉತ್ಸವದಲ್ಲಿ, 'ಪಾರ್ಸಿಫಾಲ್'ನ ಕುಂಡ್ರಿ ಪಾತ್ರ ಹಾಡಿದರು. ಮರುವರ್ಷ ಅಲ್ಲಿ ಕ್ನಾಪರ್ಟ್ಸ್‌ಬುಷ್ ಎಂಬ ಕಂಡಕ್ಟರ್ ನಡೆಸಿದ ಪ್ರದರ್ಶನದ ರೆಕಾರ್ಡಿಂಗ್ ಇದೆ, ಹುಡುಕಿದರೆ ಸಿಗುತ್ತದೆ, ಕೇಳಿ. ಎರಡನೇ ಅಂಕ ಕೇಳಿದರೆ ಸಾಕು, ಕಂಠದ ಬಗ್ಗೆ ನಾನು ಮಾತಾಡುವುದು ಬೇಡವಾಗುತ್ತದೆ. ಮೂರನೇ ಅಂಕದಲ್ಲಿ ಕುಂಡ್ರಿಗೆ ಹಾಡಲು ಇರುವುದು ಒಂದೇ ಶಬ್ದ, ಎರಡು ಸಲ: ಸೇವೆ, ಸೇವೆ. ಉಳಿದ ಹೊತ್ತೆಲ್ಲ ಬಾಯಿ ಮುಚ್ಚಿ ರಂಗದ ಮೇಲೆ ಇರಬೇಕು. ಇದನ್ನು ತಂದು ಅವರ ಊರಿನ ಕೆಲಸಕ್ಕೆ ಗಂಟು ಹಾಕುವ ಆಸೆ ಸಂಪಾದಕರಿಗೆ ಬರುವುದು ಸಹಜ. ಹಾಕಿದರೆ ನೀವು ಇನ್ನೊಂದು ನಾಲ್ಕು ಪುಟ ಬರೆಯುತ್ತೀರಿ. ಬಿಟ್ಟಿದ್ದೇನೆ.

2014ರಲ್ಲಿ ಅವರು ಕೆಲಸ ಬಿಟ್ಟರು. ಅದೇ ಡಿಸೆಂಬರಿನಲ್ಲಿ ತೀರಿಕೊಂಡರು, 89 ವರ್ಷ. ಅವರ ಕಂಪನಿಯಲ್ಲೇ ಸಂಬಳಕ್ಕಿದ್ದ ಸೊಪ್ರಾನೊ ಖೋರಿ ದಸ್ತೂರ್ ಮುಂದೆ ಅಲ್ಲಿಗೇ ಮುಖ್ಯಸ್ಥೆ ಆದರು. 2021ರಲ್ಲಿ ಹ್ಯೂಸ್ಟನ್ ಗ್ರ್ಯಾಂಡ್ ಒಪೆರಾ ಅವರನ್ನು ಕರೆದುಕೊಂಡಿತು. ಹಾಡಿನ ಜೊತೆಗೆ ಕಂಪನಿ ನಡೆಸುವ ಕೆಲಸವನ್ನೂ ಆ ಕಂಪನಿ ಕಲಿಸಿತು ಅಂತಾಯಿತು.

ಬೇಸಿಗೆ ಕಳೆದ ಮೇಲೆ ಮಗಳ ಮನೆಗೆ ಹೋಗುತ್ತೇನೆ ಅಂದಿದ್ದೀರಿ. ಸೌತ್ ಫಸ್ಟ್ ಸ್ಟ್ರೀಟ್‌ನಲ್ಲಿ ಆ ಥಿಯೇಟರ್. ಒಪೆರಾ ಇರುವ ದಿನ ನೋಡಿಕೊಂಡು ಹಿಂದಿನ ಸಾಲಿನ ಟಿಕೆಟ್ಟೇ ತೆಗೆಸಿ, ಮುಂದಿನದು ದುಬಾರಿ, ಮೇಲಾಗಿ ದನಿ ಹಿಂದಕ್ಕೂ ಸರಿಯಾಗಿ ಬರುತ್ತದೆ. ಮಾತು ಅರ್ಥ ಆಗದಿದ್ದರೆ ರಂಗದ ಮೇಲ್ಗಡೆ ಇಂಗ್ಲಿಷಿನಲ್ಲಿ ಸಾಲುಗಳು ಓಡುತ್ತವೆ. ಲಾಬಿಯಲ್ಲಿ ಹಳೇ ಸಿನಿಮಾ ಕಾಲದ, ವುರ್ಲಿಟ್ಜರ್ ಕಂಪನಿಯ ಆರ್ಗನ್ ವಾದ್ಯ ಇದೆ, ಸ್ವಲ್ಪ ಬೇಗ ಹೋಗಿ. ಶಾಲು ಮರೆಯಬೇಡಿ, ಒಳಗೆ ಎಸಿ ಜಾಸ್ತಿ. ಬಂದ ಮೇಲೆ ನನಗೆ ಬರೆಯಿರಿ, ಈ ಸಲ ಹಾಳೆಯ ಒಂದೇ ಕಡೆ ಬರೆದರೆ ನಮ್ಮ ಡಿಟಿಪಿಯ ಹುಡುಗನೂ ಖುಷಿಪಡುತ್ತಾನೆ.

— ಸಂ.