ಕಾಲುಸಂಕದ ಮುಂದೆ ಕೂರುವ ಹುಡುಗ

ಕುಮಟಾ ತಾಲ್ಲೂಕಿನ ಘಟ್ಟದ ಬುಡದ ಊರೊಂದರಿಂದ ಬಂದ ತಾಯಿ ಹೇಳಿದ್ದು ಇಷ್ಟೇ: “ಮೇಡಂ, ಇವನಿಗೆ ಹಟ. ಶಾಲೆಗೆ ಹೋಗುವಾಗ ಸಂಕದ ಮುಂದೆ ಕೂತುಬಿಡುತ್ತಾನೆ.” ಸಂಕವೆಂದರೆ ಹಳ್ಳ ದಾಟಲು ಹಾಕಿದ ಕಿರಿದಾದ ಕಾಲುಸೇತುವೆ. ಹುಡುಗನಿಗೆ 12 ವರ್ಷ. ಆಟಿಸಂ ಇದೆ ಎಂದು ಚಿಕ್ಕಂದಿನಲ್ಲೇ ಗೊತ್ತಾಗಿದೆ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ನನ್ನ ಕೋಣೆಯ ಹೊರಗಿನ ಮೆಟ್ಟಿಲೇ ಅರ್ಧ ಕಥೆ ಹೇಳಿತು. ಒಂದೊಂದು ಮೆಟ್ಟಿಲಿಗೂ ಎರಡು ಪಾದ ಜೋಡಿಸಿ, ಗೋಡೆಗೆ ಅಂಗೈ ಒತ್ತಿ, ಹೆಬ್ಬೆರಳಿನಿಂದ ಕಣ್ಣು ಕೀಳದೆ ಇಳಿದ. ಕಣ್ಣು ಮುಚ್ಚಿ ನಿಲ್ಲು ಎಂದೆ. ವಾಲಿದ, ಕಿರುಚಿದ, ಮುಂದಿನ ವಾರ ಕೋಣೆಯೊಳಗೇ ಬರಲಿಲ್ಲ. ಮೊದಲ ಭೇಟಿಯಲ್ಲೇ ಹಾಗೆ ಕೇಳಬಾರದಿತ್ತು.

ನೆಟ್ಟಗೆ ನಿಲ್ಲಲು ಒಳಗಿವಿ, ಕಣ್ಣು, ಸ್ನಾಯು-ಕೀಲು ಈ ಮೂರರ ಸುದ್ದಿಯೂ ಮಿದುಳಿನಲ್ಲಿ ಕೂಡಬೇಕು. ಆಟಿಸಂ ಇರುವ ಅನೇಕ ಮಕ್ಕಳಲ್ಲಿ ಆ ಕೂಡಿಕೆ ಸಡಿಲ. ಕೆಳಗೆ ನೀರು ಓಡುತ್ತಿದ್ದರೆ ಕಣ್ಣೂ ಮೋಸ ಮಾಡುತ್ತದೆ. “ಮರ ಹತ್ತುತ್ತಾನಲ್ಲ!” ಎಂದು ತಂದೆ ವಾದಿಸಿದರು. ಮರವನ್ನು ತಬ್ಬಬಹುದು, ಸಂಕವನ್ನು ತಬ್ಬಲಾಗದು ಎಂದೆ.

ಮೊದಲು ಕಿವಿ, ಕಣ್ಣಿನ ತಪಾಸಣೆ ಮಾಡಿಸಿದೆವು. ಆಮೇಲೆ ಫಿಸಿಯೋಥೆರಪಿಸ್ಟ್ ಜೊತೆ ಕೂತು ವಾರಕ್ಕೆ ಐದು ದಿನ, ದಿನಕ್ಕೆ 20 ನಿಮಿಷದ ಅಭ್ಯಾಸ ಬರೆದುಕೊಟ್ಟೆವು. ಅಂಗಳದಲ್ಲಿ ಹಾಸಿದ ಹಗ್ಗದ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ಬರಿಗಾಲ ನಡಿಗೆ, ಒಂಟಿಕಾಲಿನಲ್ಲಿ ನಿಂತು ಚೆಂಡು ಹಿಡಿಯುವುದು. ಅದು ಒಗ್ಗಿದ ಮೇಲೆ ನೆಲದಲ್ಲಿಟ್ಟ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು), ನಂತರ ಅದೇ ದಬ್ಬೆ ಎರಡು ಚಿರೆಕಲ್ಲಿನ ಮೇಲೆ, ಅಲುಗದಂತೆ. ಕೈ ಮುಟ್ಟಿದರೆ ಅವನಿಗಾಗದು. ಹಾಗಾಗಿ ಟವೆಲಿನ ಒಂದು ತುದಿ ಅಪ್ಪನಿಗೆ, ಇನ್ನೊಂದು ಅವನಿಗೆ. ಹೊತ್ತು, ಜಾಗ, ಕ್ರಮ ಬದಲಾಗಕೂಡದು. ಅವನಿಗೆ ಬಸ್ಸಿನ ಬೋರ್ಡುಗಳ ಹುಚ್ಚು. ಹೆಜ್ಜೆಗೊಂದರಂತೆ ಕುಮಟಾ, ಮಿರ್ಜಾನ್, ಅಂಕೋಲಾ, ಕಾರವಾರ. ಕಾರವಾರ ಮುಟ್ಟಿದರೆ ಇಳಿಯಬಹುದು.

“ಇದರಿಂದ ಆಟಿಸಂ ಹೋಗುತ್ತದೆಯೇ?” ಎಂದು ಅಜ್ಜಿ ಕೇಳಿದರು. ಇಲ್ಲ ಎಂದೆ. ಬೀಳುವುದು ಕಡಿಮೆಯಾಗಬಹುದು, ಓರಗೆಯವರೊಡನೆ ಆಡಲು ಧೈರ್ಯ ಬರಬಹುದು, ಅಷ್ಟೇ.

ಮೂರನೇ ತಿಂಗಳು ಟವೆಲ್ ಇಲ್ಲದೆ ದಬ್ಬೆ ದಾಟಿದ. ತಂದೆ ಅಂದೇ ಸಂಕಕ್ಕೆ ಕರೆದೊಯ್ಯಲು ಹೊರಟಿದ್ದರು, ನಾನು ಒಪ್ಪಲಿಲ್ಲ. ಪಾಚಿ ಕಟ್ಟಿದ, ಹಿಡಿಯಲು ಏನೂ ಇಲ್ಲದ ಸಂಕ ದೊಡ್ಡವರಿಗೂ ಅಪಾಯ. ಎರಡೂ ಬದಿ ಬಿದಿರು ಕಟ್ಟಿ, ಮಳೆಗಾಲ ಮುಗಿಯುವವರೆಗೆ ಸುತ್ತುದಾರಿಯಲ್ಲೇ ಕಳಿಸಿ ಎಂದೆ.

ದೀಪಾವಳಿಯ ನಂತರ ದಾಟತೊಡಗಿದ್ದಾನೆ. ನಡುವೆ “ಅಂಕೋಲಾ” ಎಂದು ನಿಂತೇ ಬಿಡುತ್ತಾನಂತೆ. ಹಿಂದೆ ಬರುವ ಅಜ್ಜಿಯೂ ಬಿದಿರು ಹಿಡಿದು ಅಲ್ಲೇ ಕಾಯಬೇಕು.