ಒಂದೇ ಕೇರ್ ಹೋಮಿನಲ್ಲಿ ಎರಡು ದರ ಏಕೆ?

ಮಾನ್ಯ ಓದುಗರೇ,

ಇಂಗ್ಲೆಂಡಿನ ಲೆಸ್ಟರ್‌ನಿಂದ ತಾವು ಬರೆದ ಪತ್ರ ತಲುಪಿತು. ಹಗಲಿರುಳೂ ನರ್ಸ್ ಇರುವ ಕೇರ್ ಹೋಮಿಗೆ ತಮ್ಮ ಅತ್ತೆಯವರನ್ನು ಸೇರಿಸಿ, ಅವರ ಮನೆ ಮಾರಿ ಬಂದ ಹಣದಿಂದ ಪೂರ್ತಿ ಶುಲ್ಕ ಕಟ್ಟುತ್ತಿದ್ದೀರಿ. ಪಕ್ಕದ ಕೋಣೆಯ ಹಿರಿಯರಿಗಾಗಿ ಕೌನ್ಸಿಲ್ (ಊರಿನ ಸ್ಥಳೀಯ ಆಡಳಿತ) ಕೊಡುವ ದರ ಅದಕ್ಕಿಂತ ಬಹಳ ಕಡಿಮೆ ಎಂದು ಗೊತ್ತಾದಾಗ ಮೋಸಹೋದಂತೆ ಅನಿಸಿತೆಂದೂ, ಇದಕ್ಕೆಲ್ಲ ಮಾಲೀಕರ ದುರಾಸೆಯೇ ಕಾರಣವೆಂದೂ ಬರೆದಿದ್ದೀರಿ. ತಮ್ಮ ನೋವು ನ್ಯಾಯವಾದದ್ದೇ. ಆದರೆ ಕೊಳ್ಳುವವರ ಪಾಲನ್ನು ಬಿಟ್ಟು ಮಾರುವವರನ್ನಷ್ಟೇ ದೂರುವುದನ್ನು ನಾನು ಒಪ್ಪಲಾರೆ.

1948ರ ರಾಷ್ಟ್ರೀಯ ನೆರವು ಕಾಯ್ದೆಯ ನಂತರ ಕೌನ್ಸಿಲ್‌ಗಳೇ ಹಿರಿಯರ ವಸತಿಗೃಹಗಳನ್ನು ನಡೆಸುತ್ತಿದ್ದವು. 1980ರ ದಶಕದಲ್ಲಿ, ಖಾಸಗಿ ಗೃಹ ಸೇರಿದ ಬಡವರ ಶುಲ್ಕವನ್ನು ಕೇಂದ್ರ ಸರ್ಕಾರದ ಸಾಮಾಜಿಕ ಭದ್ರತಾ ನಿಧಿ ಭರಿಸತೊಡಗಿತು. 1979ರಲ್ಲಿ ಸುಮಾರು 1 ಕೋಟಿ ಪೌಂಡ್ ಇದ್ದ ಆ ವೆಚ್ಚ ಹತ್ತೇ ವರ್ಷಗಳಲ್ಲಿ 100 ಕೋಟಿ ಮುಟ್ಟಿತು. ಅದಕ್ಕೆ ಕಡಿವಾಣ ಹಾಕಲು ಬಂದ 1990ರ ಕಾಯ್ದೆ, 1993ರ ಏಪ್ರಿಲ್‌ನಿಂದ ಹೊಣೆಯನ್ನೂ ಹಣವನ್ನೂ ಕೌನ್ಸಿಲ್‌ಗಳಿಗೆ ವರ್ಗಾಯಿಸಿತು. ಆ ಹಣದ ಶೇ 85ರಷ್ಟನ್ನು ಖಾಸಗಿ ಮತ್ತು ಸ್ವಯಂಸೇವಾ ವಲಯದಲ್ಲೇ ಖರ್ಚು ಮಾಡಬೇಕೆಂಬ ಷರತ್ತೂ ಜೊತೆಗಿತ್ತು. ಅಲ್ಲಿಂದ ಮುಂದೆ ಕೌನ್ಸಿಲ್ ಮುಖ್ಯವಾಗಿ ಹಾಸಿಗೆ ಕೊಳ್ಳುವ ಗಿರಾಕಿಯಾಯಿತು.

ಕೊಳ್ಳುವ ಬಗೆ ಎರಡು. ಇಂತಿಷ್ಟು ಹಾಸಿಗೆಗಳನ್ನು ವರ್ಷಗಟ್ಟಲೆ ಕಾಯ್ದಿರಿಸಿ, ಖಾಲಿ ಇದ್ದರೂ ಹಣ ಕೊಡುವುದು ಬ್ಲಾಕ್ ಕರಾರು. ಅಗತ್ಯ ಬಿದ್ದಾಗ ಒಬ್ಬೊಬ್ಬರಿಗೆಂದು ಒಂದೊಂದು ಹಾಸಿಗೆ ಪಡೆಯುವುದು ಸ್ಪಾಟ್ ಖರೀದಿ. ಮೊದಲನೆಯದರಲ್ಲಿ ದರ ಕಡಿಮೆಯಿದ್ದರೆ ಅರ್ಥವಿದೆ, ಏಕೆಂದರೆ ಹಾಸಿಗೆ ಖಾಲಿ ಬಿದ್ದರೂ ಗೃಹಕ್ಕೆ ನಷ್ಟವಿಲ್ಲ. ಎರಡನೆಯದರಲ್ಲಿ ಆ ನಷ್ಟವೆಲ್ಲ ಗೃಹದ ಮೇಲೆಯೇ ಬೀಳುತ್ತದೆ. ಆದರೂ ದೊಡ್ಡ ಗಿರಾಕಿಯೆಂಬ ಬಲದಿಂದ ಕೌನ್ಸಿಲ್ ಅಲ್ಲಿಯೂ ದರ ಇಳಿಸುತ್ತದೆ. ಇದು ನನಗೆ ಸರಿಯೆನಿಸುವುದಿಲ್ಲ.

ಬ್ರಿಟನ್ನಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರ 2017ರಲ್ಲಿ ನೀಡಿದ ವರದಿ ತಮ್ಮ ಅನುಮಾನವನ್ನು ದೃಢಪಡಿಸುತ್ತದೆ. ಒಂದೇ ಗೃಹದಲ್ಲಿ ಸ್ವಂತ ಹಣ ಕಟ್ಟುವವರು ಕೌನ್ಸಿಲ್ ದರಕ್ಕಿಂತ ಸರಾಸರಿ ಶೇ 41ರಷ್ಟು ಹೆಚ್ಚು ತೆರುತ್ತಿದ್ದರು. ಕೌನ್ಸಿಲ್ ನೆರವಿನವರೇ ಹೆಚ್ಚಾಗಿರುವ ಗೃಹಗಳಿಗೆ ಸಿಗುತ್ತಿದ್ದ ಹಣ ಒಟ್ಟು ವೆಚ್ಚಕ್ಕಿಂತ ಶೇ 10ರವರೆಗೂ ಕಡಿಮೆಯಿತ್ತು. ಆ ಕೊರತೆಯನ್ನು ಯಾರಾದರೂ ತುಂಬಲೇಬೇಕು. ಅನುಕೂಲಸ್ಥರಿರುವ ಊರಿನಲ್ಲಿ ಅದು ತಮ್ಮ ಅತ್ತೆಯವರಂಥವರ ಬಿಲ್ಲಿನಲ್ಲಿ ಬರುತ್ತದೆ. ಅಂಥವರಿಲ್ಲದ ಬಡ ಊರಿನಲ್ಲಿ ಆರೈಕೆ ಮಾಡುವವರ ಸಂಬಳದಲ್ಲಿ, ದುರಸ್ತಿ ಕಾಣದ ಕಟ್ಟಡದಲ್ಲಿ, ಕೊನೆಗೆ ಮುಚ್ಚಿದ ಗೃಹದಲ್ಲಿ ಕಾಣಿಸಿಕೊಳ್ಳುತ್ತದೆ. ಇದನ್ನು ಉಳಿತಾಯವೆಂದು ಲೆಕ್ಕಕ್ಕೆ ಬರೆಯುವುದು ತಪ್ಪು.

ದುರಾಸೆ ಇಲ್ಲವೆಂದು ನಾನು ಹೇಳುತ್ತಿಲ್ಲ. ಕಟ್ಟಡಗಳನ್ನು ಬಾಡಿಗೆಗೆ ಹಿಡಿದು, ಏರುವ ಬಾಡಿಗೆಯ ಭಾರ ಹೊತ್ತು ಬೆಳೆದ, ಕೇರ್ ಹೋಮುಗಳನ್ನು ನಡೆಸುತ್ತಿದ್ದ ಸದರ್ನ್ ಕ್ರಾಸ್ ಕಂಪನಿ 2011ರಲ್ಲಿ ಕುಸಿದಾಗ ಸುಮಾರು 31,000 ಹಿರಿಯರ ನೆಲೆಯೇ ಅಲುಗಾಡಿತು. ಹಾಗೆಯೇ ಕೌನ್ಸಿಲ್‌ಗಳ ಸಂಕಟವೂ ನಿಜವೇ. 2010ರ ನಂತರ ಕೇಂದ್ರದ ಅನುದಾನ ತೀವ್ರವಾಗಿ ಕುಗ್ಗಿದೆ. ಆದರೆ ಹಣವಿಲ್ಲವೆಂಬುದು ಕಾನೂನಿನ ಮುಂದೆ ಪೂರ್ಣ ಉತ್ತರವಾಗದು. ಆರೈಕೆಯ ನಿಜವಾದ ವೆಚ್ಚವನ್ನು ಸರಿಯಾಗಿ ಪರಿಗಣಿಸದೆ ದರವನ್ನು ಏರಿಸದೇ ಬಿಟ್ಟ ಸೆಫ್ಟನ್ ಕೌನ್ಸಿಲ್‌ನ ನಿರ್ಧಾರವನ್ನು ಹೈಕೋರ್ಟ್ 2011ರಲ್ಲಿ ಕಾನೂನುಬಾಹಿರವೆಂದಿತು. 2014ರ ಕೇರ್ ಕಾಯ್ದೆಯ 5ನೇ ಸೆಕ್ಷನ್, ಊರಿನ ಆರೈಕೆ ಮಾರುಕಟ್ಟೆ ಬಾಳುವಂತೆ ನೋಡಿಕೊಳ್ಳುವ ಹೊಣೆಯನ್ನೂ ಕೌನ್ಸಿಲ್‌ಗಳ ಮೇಲೆ ಹೊರಿಸಿದೆ.

‘ನಮಗೂ ಕೌನ್ಸಿಲ್ ದರವೇ ಸಿಗಬಾರದೇ?’ ಎಂದು ಕೇಳಿದ್ದೀರಿ. ಸ್ವಂತ ಹಣ ಕಟ್ಟುವವರ ಪರವಾಗಿಯೂ ಕೌನ್ಸಿಲ್ ಕೇರ್ ಹೋಮಿನ ಹಾಸಿಗೆ ಗೊತ್ತುಮಾಡಿಕೊಡುವ ವ್ಯವಸ್ಥೆ ಸರ್ಕಾರದ ಸುಧಾರಣಾ ಯೋಜನೆಯಲ್ಲಿತ್ತು. ಜೀವಮಾನದ ಆರೈಕೆ ವೆಚ್ಚಕ್ಕೆ 86,000 ಪೌಂಡುಗಳ ಮಿತಿ ಹಾಕುವ ಪ್ರಸ್ತಾಪವೂ ಅದರ ಜೊತೆಗೇ ಇತ್ತು. 2023ರ ಅಕ್ಟೋಬರ್‌ಗೆ ಬರಬೇಕಿದ್ದ ಆ ಯೋಜನೆ ಮುಂದೂಡಿಕೆಯಾಗಿ, 2024ರ ಜುಲೈನಲ್ಲಿ ಕೈಬಿಡಲ್ಪಟ್ಟಿತು. ಹಾಗೆ ಮಾಡಿದ್ದರಿಂದ ತಮ್ಮಂಥ ಕುಟುಂಬಗಳಿಗೆ ದೊಡ್ಡ ಅನ್ಯಾಯವಾಯಿತೆಂದೇ ನನ್ನ ಅಭಿಪ್ರಾಯ.

ಸದ್ಯಕ್ಕೆ ತಾವು ನೋಡಬೇಕಾದುದು ಕರಾರುಪತ್ರವನ್ನು. ಆಸ್ತಿಪಾಸ್ತಿ ಲೆಕ್ಕಿಸದೆ, ನರ್ಸಿಂಗ್ ಅಗತ್ಯವಿರುವವರ ಪರವಾಗಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಗೃಹಕ್ಕೇ ನೇರವಾಗಿ ಹಣ ಕೊಡುತ್ತದೆ. 2025-26ರಲ್ಲಿ ಅದು ವಾರಕ್ಕೆ 254.06 ಪೌಂಡ್. ಅದು ತಮ್ಮ ಬಿಲ್ಲಿನಲ್ಲಿ ಕಳೆಯಲ್ಪಟ್ಟಿದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಅತ್ತೆಯವರ ಉಳಿತಾಯ, ಕೌನ್ಸಿಲ್ ನೆರವು ಸಿಗತೊಡಗುವ 23,250 ಪೌಂಡಿನ ಮಿತಿಗೆ ಇಳಿಯುವ ಕೆಲವು ತಿಂಗಳ ಮೊದಲೇ ಕೌನ್ಸಿಲ್‌ಗೆ ತಿಳಿಸಿ ಮೌಲ್ಯಮಾಪನ ಮಾಡಿಸಿ. ಆಗ ಕಡಿಮೆ ದರದ ಬೇರೆ ಗೃಹಕ್ಕೆ ಹೋಗಿ ಎಂದೋ, ವ್ಯತ್ಯಾಸದ ಹಣವನ್ನು ಮನೆಯವರೇ ತುಂಬಿ ಎಂದೋ ಹೇಳಬಹುದು. ಸ್ಥಳ ಬದಲಾವಣೆ ಅವರ ಆರೋಗ್ಯಕ್ಕೆ ಹಾನಿಯಾಗುವುದಾದರೆ ವೈದ್ಯರ ಅಭಿಪ್ರಾಯವನ್ನು ಆ ಮೌಲ್ಯಮಾಪನದಲ್ಲೇ ದಾಖಲಿಸಿ. ಅವರ ಅಗತ್ಯಕ್ಕೆ ಹೊಂದುವ ಸ್ಥಳ ಅದೊಂದೇ ಎಂದಾದರೆ ಅದಕ್ಕೆ ಸಾಲುವಷ್ಟು ಹಣವನ್ನು ಕೌನ್ಸಿಲ್ಲೇ ಒದಗಿಸಬೇಕು, ತಮ್ಮಿಂದ ವ್ಯತ್ಯಾಸ ಕೇಳುವಂತಿಲ್ಲ.

— ಸಂಪಾದಕ